ಮೊಮ್ಮಗಳಿಗೂ ನನಗೂ ನಡುವೆ ಒಂದು ಉಡಿದಾರ

ಹೇಳಿ ನೋಡೋಣ, ಮೊಮ್ಮಗಳು ಹುಟ್ಟಿ ಏಳು ತಿಂಗಳಾದರೂ ಈ ತಾತ ಅವಳನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ, ಯಾಕೆ? ಮಗಳ ಜೊತೆ ಜಗಳವೇ? ಅಳಿಯ ಬಂಗಾಳಿ ಅಂತ ಮುನಿಸೇ? ಊಹೂಂ. ಕೋಲ್ಕತ್ತದ ಬೆವರಿನಲ್ಲಿ ಮನುಷ್ಯನಿಗೆ ಇಂಥವು ಒದಗಿಬರುತ್ತಲೇ ಇರುತ್ತವೆ. ನನಗೆ ಹುಳುಕಡ್ಡಿಯಾಗಿತ್ತು. ಸೊಂಟದ ಸುತ್ತ, ಉಡಿದಾರದ ಗುಂಟ.

ಪರದೆಯ ಪಕ್ಕ

ಮಗು ನೋಡಲು ಊರಂಚಿನ ಜೋಕಾದಲ್ಲಿರುವ ಮಗಳ ಮನೆಗೆ ಹೋದವನು ತೊಟ್ಟಿಲಿಗೆ ಬಗ್ಗುವ ಮೊದಲು ಸೊಂಟ ಕೆರೆದುಕೊಂಡೆ. ಅಷ್ಟೇ.

"ಅಪ್ಪಾ, ಏನದು?"

"ಬೆವರುಸಾಲೆ ಕಣೇ."

"ತೋರಿಸು." ತೋರಿಸಿದೆ. "ಅಯ್ಯೋ, ಫಂಗಸ್! ವಾಸಿಯಾಗೋವರೆಗೂ ಮಗು ಮುಟ್ಟಬೇಡ."

ಬೀಗಿತ್ತಿ ಸಮಾಧಾನ ಹೇಳಿದರು: "ಮುಖೇ ಭಾತ್‌ಗೆ ಇನ್ನೂ ಸಮಯವಿದೆ. ಆ ದಿನ ಮಡಿಲಲ್ಲಿ ಕೂರಿಸಿಕೊಂಡು ಮೊದಲ ತುತ್ತು ತಿನ್ನಿಸೋದು ನೀವೇ." ಮುಖೇ ಭಾತ್ ಅಂದರೆ ಇಲ್ಲಿಯವರ ಅನ್ನಪ್ರಾಶನ. ಅದು ಸೋದರಮಾವನ ಹಕ್ಕು. ನಮಗೆ ಒಬ್ಬಳೇ ಮಗಳಾದ್ದರಿಂದ ತಾತನ ಪಾಲಿಗೆ ಬಂತು.

ಎಲ್ಲರೂ ಮಗುವಿನ ಜೊತೆ ಫೋಟೋ ತೆಗೆಸಿಕೊಂಡರು. ಅದರಲ್ಲಿ ನಾನು ಬಾಗಿಲ ಪರದೆಯ ಪಕ್ಕ, ಕೊರಿಯರ್ ತಂದವನ ಹಾಗೆ ನಿಂತಿದ್ದೇನೆ.

ಬಡ್ಡಿ

ಸದರ್ನ್ ಅವೆನ್ಯೂ ಹತ್ತಿರದ ಚರ್ಮದ ಡಾಕ್ಟರು ಮುಲಾಮು ಬರೆದುಕೊಟ್ಟು, "ತುರಿಕೆ ನಿಂತ ಮೇಲೂ ಹಚ್ಚುತ್ತಿರಬೇಕು" ಅಂದರು. ತುರಿಕೆ ಬೇಗನೇ ನಿಂತಿತು. ನಿಂತುಹೋದ ತುರಿಕೆಗೆ ಯಾರಾದರೂ ಮುಲಾಮು ಹಚ್ಚುತ್ತಾರೆಯೇ? ಟ್ಯೂಬಿನ ಬಾಲ ಮಡಚಿ, ಮುಂದಿನ ಸಲಕ್ಕಿರಲಿ ಅಂತ ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಇಟ್ಟೆ. ಜೋಕಾಕ್ಕೆ ಹೊರಟ ದಿನವೇ ಮತ್ತೆ ಕೆರೆತ, ಈ ಸಲ ಇನ್ನೂ ಅಗಲ.

ಹೆಂಡತಿ ಅಂದಳು: "ರೀ, ಫಿಕ್ಸೆಡ್ ಡೆಪಾಸಿಟ್ ಇಟ್ಟಿದ್ರಲ್ಲ, ನೋಡಿ, ಬಡ್ಡಿ ಬಂದಿದೆ!"

ಪಂಚೆಯ ಆಧಾರ

ಬೆಳಿಗ್ಗೆ ನನ್ನ ಜೊತೆ ಕೆರೆಯ ಸುತ್ತ ನಡೆಯುವ ಗೆಳೆಯರೊಬ್ಬರು, "ದಾದಾ, ಡಾಕ್ಟರ್ ಯಾಕೆ? ಔಷಧಿ ಅಂಗಡಿಯಲ್ಲಿ ಕೇಳಿದರೆ ಕೊಡ್ತಾರೆ" ಅಂದರು. ತಂದು ಹಚ್ಚಿದೆ. ಕೆಂಪು ಮಾಯ! ಮಗಳಿಗೆ ಫೋನ್ ಮಾಡಿ ಮೆರೆದೆ. ಮುಂದಿನ ವಾರ ಸೊಂಟದ ಮೇಲೆ ಭೂಪಟವೇ ಮೂಡಿತು. ಡಾಕ್ಟರು ಆ ಟ್ಯೂಬ್ ನೋಡಿ ಹಣೆ ಚಚ್ಚಿಕೊಂಡರು. "ಇದರಲ್ಲಿ ಸ್ಟೀರಾಯ್ಡ್ ಇದೆ. ಮೇಲೆ ಮುಚ್ಚಿಟ್ಟು ಒಳಗೆ ಸಾಕುತ್ತೆ." ಆಮೇಲೆ ನನ್ನ ಒದ್ದೆ ಉಡಿದಾರ ನೋಡಿದರು. "ಇದನ್ನ ಯಾವಾಗ ತೆಗೀತೀರಿ?"

"ಸತ್ತ ಮೇಲೆ."

"ಹಾಗಾದ್ರೆ ಹುಳುಕಡ್ಡೀನೂ ಅಲ್ಲಿವರೆಗೆ ಇರುತ್ತೆ."

ಮನೆಗೆ ಬಂದ ಮೇಲೆ ಕತ್ತರಿ ಹಿಡಿದ ಹೆಂಡತಿ ಅತ್ತೇಬಿಟ್ಟಳು. "ಬದುಕಿರೋರ ಉಡಿದಾರ ಹರಿಯೋದೇನ್ರೀ?"

ಅದರ ಗಂಟು ಅಮ್ಮ ಕಲಿಸಿದ್ದು. "ಮೊಮ್ಮಗಳ ಮುಖ ನೆನೆಸ್ಕೊಂಡು ಕತ್ತರಿಸು" ಅಂದೆ. ಕತ್ತರಿಸಿದಳು. ಎದ್ದು ನಿಂತೆ, ಪಂಚೆ ಜಾರಿತು. ಇಷ್ಟು ವರ್ಷ ನನ್ನ ಮಾನ ಕಾಪಾಡಿದ್ದು ಓದಲ್ಲ, ಹುದ್ದೆಯಲ್ಲ, ಆ ದಾರ!

ಮೊದಲ ತುತ್ತು

ಈ ಸಲ ಹೇಳಿದಷ್ಟೂ ದಿನ ಹಚ್ಚಿದೆ. ಡಾಕ್ಟರು ಪರೀಕ್ಷಿಸಿ, ಪೂರ್ತಿ ವಾಸಿ ಅಂದರು. ಮುಖೇ ಭಾತ್‌ಗೆ ರೇಷ್ಮೆ ಪಂಚೆಯುಟ್ಟು, ಮೇಲೊಂದು ಬೆಲ್ಟ್ ಬಿಗಿದು, ಶಲ್ಯ ಹೊದ್ದು ಮಣೆಯ ಮೇಲೆ ಕುಳಿತೆ. ಕೈ ಚಾಚಿದೆ. ಮಗಳು ಹಿಂದೆ ಸರಿದಳು.

"ಅಪ್ಪಾ, ಡಯಾಪರ್ ಹಾಕೋ ಜಾಗದಲ್ಲಿ ಇವಳಿಗೆ ಯೀಸ್ಟ್ ಇನ್ಫೆಕ್ಷನ್. ಡಾಕ್ಟರು ಮುಲಾಮು ಕೊಟ್ಟಿದ್ದಾರೆ. ನೀನು ಈಗಷ್ಟೇ ವಾಸಿಯಾಗಿದೀಯ, ನಿನಗೆ ಅಂಟಿದ್ರೆ?"

ನಿದ್ದೆಯಲ್ಲಿ ನಗುವ ವಯಸ್ಸು, ಬೆರಳು ಕೊಟ್ಟರೆ ಮುಷ್ಟಿಯಲ್ಲಿ ಹಿಡಿಯುವ ವಯಸ್ಸು, ಎಲ್ಲ ಪರದೆಯ ಪಕ್ಕದಲ್ಲೇ ಕಳೆದುಹೋಗಿತ್ತು. ಅವು ಮತ್ತೆ ಬರುವಂಥವಲ್ಲ.

"ಅಂಟಲಿ, ಕೊಡೇ ಇತ್ತ!" ಅಂದೆ. "ಮುಲಾಮಿನ ವಿಷಯದಲ್ಲಿ ಈ ಮನೇಲಿ ನನ್ನಷ್ಟು ಪಳಗಿದೋರು ಯಾರಿದ್ದಾರೆ?"

ಮಗಳು ನಕ್ಕು ಮಡಿಲಿಗೆ ಹಾಕಿದಳು. ಪಾಯಸ ತಿನ್ನಿಸಿ, "ಟ್ಯೂಬ್ ಪೂರ್ತಿ ಮುಗಿಸು ಕಂದ, ಫ್ರಿಜ್ಜಿಗೆ ಹಾಕಬೇಡ" ಅಂತ ಕಿವಿಯಲ್ಲಿ ಉಸುರಿದೆ. ಮೊಮ್ಮಗಳು ಬಟ್ಟಲಿಗೆ ಕೈ ಅದ್ದಿ, ಶಲ್ಯ ಸರಿಸಿ, ನನ್ನ ಬರಿಹೊಟ್ಟೆಯ ಮೇಲೆ ಪಾಯಸವನ್ನು ದುಂಡಗೆ ಸವರತೊಡಗಿದಳು, ಥೇಟ್ ಮುಲಾಮು ಹಚ್ಚಿದ ಹಾಗೆ.

"ಕೋರ್ಸ್ ಮುಗಿಯೋವರೆಗೂ ಒರೆಸ್ಕೋಬೇಡಿ!" ಅಂದಳು ಹೆಂಡತಿ.

ಒರೆಸಿಕೊಳ್ಳಲಿಲ್ಲ. ಅವಳನ್ನು ಮೊದಲ ಸಲ ಮಡಿಲಿಗೆ ತೆಗೆದುಕೊಂಡ ಆ ದಿನ ಮಾಘ ಶುದ್ಧ ಪಂಚಮಿ, ಶುಕ್ರವಾರ, ಇಲ್ಲಿಯವರ ಸರಸ್ವತಿ ಪೂಜೆ.