ಬಸವಂತ್ರಾಯ ನಿನ್ನೆಯನ್ನು ತೋರಿಸಿದ್ದು

ಶಹಾಪುರದ ಕಾಲುವೆ ಕಚೇರಿಯ ಕಂಪ್ಯೂಟರಿನಲ್ಲಿದ್ದ ನೀರಿನ ಪಾಳಿಯ ಪಟ್ಟಿ ಸೋಮವಾರ ಮಧ್ಯಾಹ್ನ ಮಾಯವಾಯಿತು. ಯಾರ ಹೊಲಕ್ಕೆ ಯಾವ ದಿನ ನೀರು ಎಂಬುದೆಲ್ಲ ಅದರಲ್ಲೇ ಇತ್ತು. ಮಂಗಳವಾರ ಬಾಗಿಲು ತೆರೆಯುವ ಹೊತ್ತಿಗೆ ವರಾಂಡದ ತುಂಬ ರೈತರು. ಎಲ್ಲರ ಬೆರಳೂ ಆಪರೇಟರ್ ಬಸವಂತ್ರಾಯನ ಕಡೆಗೇ.

"ನನ್ನ ಪಾಳಿ ಗುರುವಾರ ಇತ್ತು, ಭತ್ತ ಒಣಗಾಕತ್ತದ. ಪಟ್ಟಿ ನುಂಗಿದೇನೋ ತಮ್ಮಾ?" ಎಂದಳು ವನದುರ್ಗದ ತಿಮ್ಮವ್ವ.

"ನಾ ಅಳಿಸಿಲ್ಲ ಯವ್ವಾ. ಬೇಕಾದ್ರ ನಿನ್ನಿ ದಿನಾನೇ ತೋರಸ್ತೀನಿ."

ತೋರಿಸಲು ಸಾಧ್ಯವಿತ್ತು. ಅವನ ಕಂಪ್ಯೂಟರಿನದು ಬಣ್ಣ, ಚಿತ್ರ ಏನೂ ಇಲ್ಲದ ಕಪ್ಪು ಪರದೆ. ಒತ್ತಿದ ಆಜ್ಞೆ, ಅದಕ್ಕೆ ಬಂದ ಉತ್ತರ, ಅಷ್ಟೇ. ಮರೆವಿನ ಬಸವಂತ್ರಾಯ ಅಲ್ಲಿ ನಡೆದದ್ದೆಲ್ಲ ತನ್ನಷ್ಟಕ್ಕೆ ದಾಖಲಾಗುವಂತೆ ಮಾಡಿಟ್ಟಿದ್ದ. ಮತ್ತೆ ಓಡಿಸಿದರೆ ಸಿನಿಮಾದಂತೆ, ಒತ್ತಿದ ವೇಗದಲ್ಲೇ ಒಂದೊಂದೇ ಅಕ್ಷರ ಮೂಡುತ್ತಿತ್ತು.

"ಅದೆಲ್ಲ ಈಗ್ಯಾಕ?" ಎಂದರು ಕಚೇರಿಯ ಮುಖ್ಯಸ್ಥರಾದ ಸಾಹೇಬರು. ರೈತರು ಬಿಡಲಿಲ್ಲ.

ಮೊದಲಿಗೆ ಸೋಮವಾರದ ಬೆಳಗು ಮೂಡಿತು. ಬಸವಂತ್ರಾಯ ಆಗ ಪಟ್ಟಿ ತೆರೆದು ನೋಡಿದ್ದನಾದ್ದರಿಂದ ಹೆಸರುಗಳೆಲ್ಲ ಸಾಲಾಗಿ ಹಾದುಹೋದವು. ಮದುವೆ ಫೋಟೋದಲ್ಲಿ ತಮ್ಮ ಮುಖ ಹುಡುಕುವವರಂತೆ ಜನ ಪರದೆಗೆ ಮುಗಿಬಿದ್ದರು. ಹಿರಿಯ ಗುಮಾಸ್ತೆ ಕುಬ್ರಾಬೇಗಂ, "ಜರಾ ನಿಲ್ಲಸಪಾ" ಎನ್ನುತ್ತ ಪೂರ್ತಿ ಪಟ್ಟಿಯನ್ನು ಕಾಗದಕ್ಕೆ ಇಳಿಸಿಕೊಂಡರು. ತಿಮ್ಮವ್ವನ ಗುರುವಾರ ಸಿಕ್ಕಿತು.

ಅಲ್ಲಿಗೇ ನಿಲ್ಲಿಸಿದ್ದರೆ ಬಸವಂತ್ರಾಯ ಗೆದ್ದಿದ್ದ. ಆದರೆ ಕಳ್ಳನನ್ನೂ ಹಿಡಿದುಕೊಡುವ ಹುಮ್ಮಸ್ಸು ಬಂದುಬಿಟ್ಟಿತ್ತು.

ಬೆಳಗಿನ ಉಳಿದದ್ದನ್ನು ಬೇಗ ಓಡಿಸಿ ದಾಟಿದ. ಸೋಮವಾರ ಮಧ್ಯಾಹ್ನ ಒಂದರ ಹೊತ್ತಿಗೆ ಅಕ್ಷರಗಳು ನಿಂತವು. ಮೂಲೆಯಲ್ಲಿ ಸಣ್ಣ ಗೆರೆಯೊಂದು ಮಿಣಮಿಣ ಮಿನುಗುತ್ತಿತ್ತು. ಐದು ನಿಮಿಷ, ಹತ್ತು ನಿಮಿಷ.

"ಕೆಟ್ಟದೇನು?"

"ಇಲ್ರಿ. ಆವಾಗ ನಾ ಚಾ ಕುಡ್ಯಾಕ ಹೋಗಿದ್ದೆ. ಮುಂದಕ್ಕ ಓಡಿಸ್ಲೇನು?"

"ಓಡಸಬ್ಯಾಡ! ನಡುವ ಏನ್ ಮುಚ್ತಿಯೋ ಏನೋ" ಎಂದಳು ತಿಮ್ಮವ್ವ.

ಗಾಳ ಹಾಕಿ ಕುಳಿತವರಂತೆ ಎಲ್ಲರೂ ನಲವತ್ತು ನಿಮಿಷ ಅಲುಗಾಡದೆ ನೋಡಿದರು. ತಾನಿಲ್ಲದ ಹೊತ್ತು ಇಷ್ಟು ಉದ್ದವಿರುತ್ತದೆಂದು ಬಸವಂತ್ರಾಯನಿಗೆ ಅಂದೇ ತಿಳಿದದ್ದು. ದಿನಾ ಇಷ್ಟೇ ಹೊತ್ತು ಹೋಗುತ್ತಿದ್ದೆನೇ? ನೀರಿಗಾಗಿ ಬಂದವರು ಆ ಖಾಲಿ ಕುರ್ಚಿಯೆದುರು ಹೀಗೇ ಕಾಯುತ್ತಿದ್ದರೇ? ಅವನ ತಲೆ ತಗ್ಗಿತು.

ಆಗ ಅಕ್ಷರಗಳು ಮತ್ತೆ ಮೂಡತೊಡಗಿದವು. ಬಹಳ ನಿಧಾನವಾಗಿ, ತಪ್ಪುತ್ತ, ತಿದ್ದುತ್ತ. ಯಾರೋ ಪಟ್ಟಿಯ ಕೊನೆಯಲ್ಲಿದ್ದ ಮರಿಲಿಂಗಪ್ಪನ ಹೆಸರನ್ನು ಮೊದಲ ಸಾಲಿಗೆ ತರಲು ಹೆಣಗುತ್ತಿದ್ದರು. ಎರಡು ಸಲ ತಪ್ಪಿ, ಮೂರನೆಯ ಸಲ ಇಡೀ ಪಟ್ಟಿಯನ್ನೇ ಅಳಿಸಿಹಾಕಿದರು.

ಬಸವಂತ್ರಾಯ ಆ ಹೆಸರನ್ನು ಮತ್ತೊಮ್ಮೆ ಓದಿದ. ಮರಿಲಿಂಗಪ್ಪ ಅವನ ಮಾವ, ಹೊಲವೂ ಕಾಲುವೆಯ ತುದಿಯಲ್ಲೇ. ನಿನ್ನೆ ಚಹಾ ಕುಡಿದು ಬಂದಾಗ ಮೇಜಿನ ಮೇಲೆ ಮನೆಯ ಬುತ್ತಿ ಇತ್ತು. ಅಂದರೆ ಹೆಂಡತಿ ಮಲ್ಲಿಕಮ್ಮ ಬಂದಿದ್ದಳು. ಅವಳಿಗೆ ಅಷ್ಟಿಷ್ಟು ಕಂಪ್ಯೂಟರ್ ಕಲಿಸಿದವನು ತಾನೇ.

"ಯಾರಿದು?" ಜನ ಕೂಗಿದರು.

"ಅಕ್ಷರ ಕಾಣ್ತಾವ, ಬೆರಳು ಕಾಣಂಗಿಲ್ಲಲ್ಲ" ಎಂದರು ಕುಬ್ರಾಬೇಗಂ.

ಬಸವಂತ್ರಾಯ ಎದ್ದು ನಿಂತ. "ನಾನೇ ರೀ. ಚಾ ಕುಡದು ಬಂದು, ಮಾವನ ಹೆಸರು ಮ್ಯಾಲ ತರಾಕ ಹೋಗಿ ಕೆಡಿಸಿಬಿಟ್ಟೆ."

"ಮಾವನ ಸಲುವಾಗಿ ನಮ್ಮ ಬಾಯಾಗ ಮಣ್ಣು ಹಾಕ್ತಿದ್ದೆಲ್ಲೋ!" ಎಂದಳು ತಿಮ್ಮವ್ವ. ಅದು ಚಪ್ಪಲಿಯೇಟಿಗಿಂತ ಜೋರಾಗಿ ತಾಗಿತು.

ಸಾಹೇಬರು ಮಾತ್ರ ಎಂದೂ ಇಲ್ಲದ ಅಕ್ಕರೆಯಿಂದ ಅವನ ಬೆನ್ನು ತಟ್ಟಿದರು. "ಒಪ್ಪಿಕೊಂಡಿ, ದೊಡ್ಡ ಮಾತು. ನಾಳಿಂದ ಕಂಪ್ಯೂಟರ್ ಮುಟ್ಟಬ್ಯಾಡ. ಕಾಲುವಿ ತುದೀ ಗೇಟಿಗೆ ಹೋಗು."

ಸಂಜೆ ಮಲ್ಲಿಕಮ್ಮ ರೊಟ್ಟಿ ತಟ್ಟುತ್ತಿದ್ದಳು. ಬಸವಂತ್ರಾಯ ಎದುರು ಕುಳಿತು ದೊಡ್ಡ ಮನಸ್ಸಿನಿಂದ ಹೇಳಿದ: "ಚಿಂತಿ ಮಾಡಬ್ಯಾಡ. ನಿನ್ನ ಹೆಸರು ಹೇಳಿಲ್ಲ ನಾ."

ಅವಳ ಕೈ ನಿಂತಿತು. "ನನ್ನ ಹೆಸರು ಯಾಕ್ರೀ? ಬುತ್ತಿ ಇಟ್ಟು ಹಂಗೇ ಹೊಳ್ಳಿ ಬಂದೀನಿ ನಾ. ನಿಮ್ಮ ಕುರ್ಚ್ಯಾಗ ಸಾಹೇಬ್ರೇ ಕುಂತಿದ್ರಲ್ಲ! ಒಂದೇ ಬೆರಳಲೇ ಟಕ್ ಟಕ್ ಒತ್ತಾಕತ್ತಿದ್ರು. ಯಾರ ಮಗಳವ್ವ ನೀ ಅಂದ್ರು. ಮರಿಲಿಂಗಪ್ಪನ ಮಗಳ್ರಿ ಅಂದೆ. ನಮ್ಮ ಅಳಿಯಾನ ಹೆಸರೂ ಅದೇ ನೋಡು, ಅವನ ಹೊಲಾನೂ ಇದೇ ಕಾಲುವೀದು ಅಂತ ನಕ್ಕರು."

ಬಸವಂತ್ರಾಯ ಖಾಲಿ ಬುತ್ತಿಯನ್ನು ಅವಳ ಕಡೆಗೆ ಸರಿಸಿದ. ತುದಿ ಗೇಟಿಗೆ ಹೋಗುವ ಬಸ್ಸು ಒಂದೇ, ಅದು ಬೆಳಗಿನ ಐದಕ್ಕೆ.

"ನಾಳಿಗಿ ನಾಕು ರೊಟ್ಟಿ ಜಾಸ್ತಿ ಕಟ್ಟು" ಎಂದ. "ಅಲ್ಲಿ ಚಾದಂಗಡಿ ಇಲ್ಲಂತ."