ನನ್ನ ಪಾಲಿಗೆ ಉಳಿದ ನಾಲ್ಕು ಟೈರುಗಳು

ಗಂಡಸಿಗೆ ವಯಸ್ಸಾಯಿತೆಂದು ಗೊತ್ತಾಗುವುದು ತಲೆ ನರೆತಾಗ ಅಲ್ಲ; ಮನೆಯಲ್ಲಿ ಅವನ ಕೈಯಿಂದ ಒಂದೊಂದೇ ಕೆಲಸ ಜಾರಿಹೋದಾಗ. ಇದು ನನ್ನ ಸ್ವಂತ ಅನುಭವ. ಮೊದಲು ದೋಸೆ ಹುಯ್ಯುವ ಕೆಲಸ ಹೋಯಿತು. ನಾನು ಹುಯ್ದ ದೋಸೆ ಕಾವಲಿಯನ್ನು ಬಿಟ್ಟು ಬರಲು ಒಪ್ಪುತ್ತಿರಲಿಲ್ಲ. ಆಮೇಲೆ ಮಗಳಿಗೆ ಗಣಿತ ಹೇಳಿಕೊಡುವ ಕೆಲಸ ಹೋಯಿತು. ಅವಳೇ ನನಗೆ ಹೇಳಿಕೊಡತೊಡಗಿದಳು. ಉಳಿದದ್ದು ಕಾರು ಓಡಿಸುವುದೊಂದೇ. ನಾವು ನೆಲೆಸಿದ ಪರದೇಶದ ಊರು ಇರ್ವಿಂಗ್‌ನಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕೆಂದರೂ ಕಾರು ತೆಗೆಯಬೇಕು, ಹಾಗಾಗಿ ನನ್ನ ಮರ್ಯಾದೆಗೆ ಕುಂದಿರಲಿಲ್ಲ. ಹೆಂಡತಿ ವೀಣಾ ಹದಿನಾಲ್ಕು ವರ್ಷ ನನ್ನ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿ ಇಲ್ಲದ ಬ್ರೇಕನ್ನು ಒತ್ತುತ್ತ ಬಂದಳು. ಈ ವರ್ಷ ಊರಿನ ಆಫೀಸುಗಳ ಬಡಾವಣೆ ಲಾಸ್ ಕೊಲಿನಾಸ್‌ನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಡ್ರೈವಿಂಗ್ ಟೆಸ್ಟನ್ನು ಒಂದೇ ಏಟಿಗೆ ಪಾಸು ಮಾಡಿ (ನನಗೆ ಮೂರು ಏಟು ಬೇಕಾಗಿತ್ತು), ತನ್ನದೇ ಸಂಬಳದಲ್ಲಿ ಬೆಳ್ಳಗಿನ ಕಾರೊಂದನ್ನು ತಂದು ನಿಲ್ಲಿಸಿದಳು. ನನಗೆ ಸಂತೋಷವೇ ಆಯಿತು. ಆದರೆ ಅಂದಿನಿಂದ ನಾನು ಮನೆಯಲ್ಲಿ ಸೋಫಾದ ಒಂದು ಭಾಗವಾಗಿಬಿಟ್ಟೆ.

ಹೀಗಿರುವಾಗ ಆಯುಧಪೂಜೆ ಬಂತು. ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಸಾಲು ಕಾರುಗಳಿಗೆ ಪೂಜೆ. ವೀಣಾ ತಾನಾಗಿಯೇ ಹೇಳಿದಳು: "ನನ್ನ ಕಾರಿನ ಮೊದಲನೇ ಪೂಜೆ ಕಣ್ರೀ. ಬಾಡಿ ನಾನು ತೊಳ್ಕೋತೀನಿ. ಟೈರ್ ನೀವು ನೋಡ್ಕೊಳ್ಳಿ. ಹೊಳೀಬೇಕು, ಆದ್ರೆ ಬಾಗಿಲಿಗಾಗ್ಲಿ ನನ್ನ ಸೀರೆಗಾಗ್ಲಿ ಒಂದು ಚುಕ್ಕೆನೂ ಬೀಳಬಾರ್ದು." ಎಷ್ಟೋ ದಿನಗಳ ಮೇಲೆ ನನಗೊಂದು ಕೆಲಸ ಸಿಕ್ಕಿತ್ತು. ಇದೂ ಕೈತಪ್ಪಿದರೆ ಆ ಕಾರಿಗೂ ನನಗೂ ಯಾವ ಸಂಬಂಧವೂ ಉಳಿಯುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಅಂಗಡಿಗೆ ಹೋದೆ. ಟೈರಿಗೆ ಹಚ್ಚುವ ದ್ರವಗಳಿಗೇ ಒಂದು ಇಡೀ ಸಾಲು! ಸ್ಪ್ರೇ, ನೊರೆ, ಜೆಲ್ಲು. ಒದ್ದೆ ಹೊಳಪು, ಒಣ ಹೊಳಪು, ಹೊಳಪೇ ಇಲ್ಲದ ಹೊಳಪು. ನಮ್ಮ ಮದುವೆಗೆ ನಾನು ಒಂದೇ ಒಂದು ಹುಡುಗಿಯನ್ನು ನೋಡಿ ಒಪ್ಪಿದವನು. ಆಯ್ಕೆ ಮಾಡಿ ಅಭ್ಯಾಸವಿಲ್ಲ. ಮುಕ್ಕಾಲು ಗಂಟೆ ನಿಂತು ಕಾಲು ನೋವು ಬಂದ ಮೇಲೆ ಆಸ್ಟಿನ್‌ನಲ್ಲಿರುವ ಭಾವಮೈದ ರಘುವಿಗೆ ಫೋನ್ ಮಾಡಿದೆ. ಅವನಿಗೆ ಅಲ್ಲಿನ ದೊಡ್ಡ ಕಂಪನಿಗಳ ಬಡಾವಣೆ ದ ಡೊಮೇನ್‌ನಲ್ಲಿ ಆಫೀಸು. ಪೊರಕೆ ಕೊಳ್ಳುವ ಮೊದಲೂ ಹತ್ತು ಪೊರಕೆಗಳ ಪಟ್ಟಿ ಮಾಡುವ ಆಸಾಮಿ. "ಭಾವ, ಜೆಲ್ ಮುಟ್ಲೇಬೇಡಿ, ಚಕ್ರ ತಿರುಗಿದ್ರೆ ಎಲ್ಲಾ ಕಡೆ ಎರಚತ್ತೆ. ವಾಟರ್ ಬೇಸ್ಡ್ ತೊಗೊಳ್ಳಿ. ಮೊದ್ಲು ಟೈರನ್ನ ಬ್ರಷ್ ಹಾಕಿ ಉಜ್ಜಿ, ಒಣಗಿಸಿ, ಸ್ಪಂಜಲ್ಲಿ ತೆಳ್ಳಗೆ ಹಚ್ಚಿ. ಹತ್ತು ನಿಮಿಷ ಬಿಟ್ಟು ಬಟ್ಟೇಲಿ ಒರೆಸಿಬಿಡಿ" ಎಂದ. ಹಚ್ಚಿದ್ದನ್ನು ಒರೆಸುವುದಾದರೆ ಹಚ್ಚುವುದೇಕೆ ಎಂದು ಕೇಳಬೇಕೆನಿಸಿತು. ಕೇಳಿದರೆ ಇನ್ನರ್ಧ ಗಂಟೆ ವಿವರಿಸುತ್ತಾನೆಂದು ಫೋನಿಟ್ಟು, ಅವನು ಹೇಳಿದ ಬಾಟಲಿಯನ್ನೇ ಕೊಂಡೆ.

ಹಬ್ಬದ ಹಿಂದಿನ ಸಂಜೆ ಚಾಚೂ ತಪ್ಪದೆ ಹಾಗೆಯೇ ಮಾಡಿದೆ. ಫಲ? ಟೈರು ಟೈರಿನ ಹಾಗೆ ಕಾಣುತ್ತಿತ್ತು. ಕಪ್ಪಗಿತ್ತು, ನಿಜ, ಆದರೆ ಹೊಳಪು ಎಲ್ಲಿ? ಸೊಂಟ ಹಿಡಿದುಕೊಂಡು ಕೂತಿದ್ದಾಗ ಹ್ಯೂಸ್ಟನ್‌ನಿಂದ ಪಾಟೀಲ ಡಾಕ್ಟರು ಹಬ್ಬದ ಶುಭಾಶಯ ಹೇಳಲು ಫೋನ್ ಮಾಡಿದರು. ಧಾರವಾಡದ ಕಡೆಯವರು, ನಿವೃತ್ತರು, ಯಾವುದಕ್ಕೂ ಚೀಟಿ ಬರೆದುಕೊಡಬಲ್ಲವರು. ನನ್ನ ಸಂಕಟ ಕೇಳಿ ನಕ್ಕರು. "ಅದಕ್ಯಾಕ ಇಷ್ಟ್ ಚಿಂತಿ ಮಾಡ್ತೀರಿ? ನಮ್ಮ ಅಪ್ಪಾರು ಜೀಪಿನ ಗಾಲಿಗೆ ಕೊಬ್ಬರಿ ಎಣ್ಣಿ ಹಚ್ಚತಿದ್ರು. ಮಾರಿ ಕಾಣತಿತ್ತು ನೋಡ್ರಿ ಅದರಾಗ!" ವೈದ್ಯರು ಹೇಳಿದ ಮೇಲೆ ಮುಗಿಯಿತು. ವೀಣಾ ಅಡುಗೆಮನೆಯಲ್ಲಿ ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದಳು. ನಾನು ಬಚ್ಚಲುಮನೆಯ ಕಪಾಟಿನಿಂದ ಎಣ್ಣೆ ಬಾಟಲಿ ತಂದು ನಾಲ್ಕು ಟೈರಿಗೂ ಧಾರಾಳವಾಗಿ ಬಳಿದೆ. ಅಬ್ಬಾ, ಆ ಹೊಳಪು! ನನ್ನ ಮುಖವೂ ಕಂಡಿತು. ಬಹಳ ಗೆದ್ದ ಮಾರಿ.

ಬೆಳಿಗ್ಗೆ ನೋಡುತ್ತೇನೆ, ಟೈರುಗಳು ಬೆಳ್ಳಗಾಗಿವೆ. ಉತ್ತರದಿಂದ ಚಳಿಗಾಳಿ ಬೀಸಿ, ಎಣ್ಣೆ ಹೆಪ್ಪುಗಟ್ಟಿ ಕೂತಿತ್ತು. ಬೆಂಗಳೂರಿನ ಡಿಸೆಂಬರಿನಲ್ಲಿ ಎಣ್ಣೆ ಬಾಟಲಿಯನ್ನು ಬಿಸಿಲಿಗಿಟ್ಟು ಬೆಳೆದವನು ನಾನು. ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲವಲ್ಲ! ಟವೆಲಿನಲ್ಲಿ ಉಜ್ಜಿದೆ. ಬಿಳಿಯದು ಟೈರಿನ ಮೇಲಿನ ಅಕ್ಷರಗಳ ಸಂದಿಯೊಳಗೆ ಇನ್ನೂ ಆಳಕ್ಕೆ ಇಳಿಯಿತು. ಅಷ್ಟರಲ್ಲಿ ರೇಷ್ಮೆ ಸೀರೆಯುಟ್ಟ ವೀಣಾ ಆತುರದಲ್ಲಿ ಬಂದು ಸ್ಟೀರಿಂಗ್ ಹಿಡಿದಳು. ನಾನು ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಬಿಗಿದುಕೊಂಡೆ. ಹೈವೇಯಲ್ಲಿ ಟೈರು ಬಿಸಿಯಾಗುವುದು, ಎಣ್ಣೆ ಕರಗುವುದು, ಚಕ್ರ ಅದನ್ನು ಎರಚುವುದು, ಎಲ್ಲ ನನ್ನ ಕಣ್ಣಿಗೆ ಕಟ್ಟುತ್ತಿತ್ತು. ನನ್ನ ಕಾಲೂ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ದೇವಸ್ಥಾನದಲ್ಲಿ ಇಳಿದು ನೋಡಿದರೆ ಬಿಳಿ ಬಾಗಿಲುಗಳ ಮೇಲೆ ಎಣ್ಣೆ, ಎಣ್ಣೆಯ ಮೇಲೆ ದಾರಿಯ ಧೂಳು. ಹಿಂದಿನ ಸೀಟಿನಿಂದಿಳಿದ ಮಗಳು ಮೂಗರಳಿಸಿ, "ಅಪ್ಪಾ, ಇಟ್ ಸ್ಮೆಲ್ಸ್ ಲೈಕ್ ಅಜ್ಜೀಸ್ ಹೇರ್!" ಎಂದಳು. ನಿಂಬೆಹಣ್ಣು ಇಡಲು ಬಗ್ಗಿದ ಅರ್ಚಕರ ಕೈ ಜಾರಿತು. ಬೆರಳು ಮೂಸಿ ನೋಡಿ, ಎದ್ದು ನಿಂತು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಕೇಳಿದರು: "ಏನ್ ಸ್ವಾಮಿ, ಟೈರಿಗೆ ಎಣ್ಣೆ ಸ್ನಾನ ಮಾಡ್ಸಿದೀರಾ? ದೀಪಾವಳಿಗೆ ಇನ್ನೂ ಟೈಮ್ ಇದೆಯಲ್ಲ!" ಎಲ್ಲರೂ ನಕ್ಕರು. ವೀಣಾ ನಗಲಿಲ್ಲ. ಸೀರೆಯ ನೆರಿಗೆಯ ತುದಿಯಲ್ಲಿ ಕಾಸಿನಗಲದ ಒಂದು ಕಪ್ಪು ಕಲೆಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡುತ್ತಿದ್ದಳು. ಬೈದಿದ್ದರೆ ಬದುಕುತ್ತಿದ್ದೆ. ಅವಳು ಕಲೆಯನ್ನು ಒಳಗೆ ಮಡಚಿಕೊಂಡು, ಕೈಮುಗಿದು, ನಿಂಬೆಹಣ್ಣುಗಳ ಮೇಲೆ ನೇರವಾಗಿ ಕಾರು ಹತ್ತಿಸಿದಳು. ಅವಳ ಅಷ್ಟು ವರ್ಷದ ಆಸೆಯ ದಿನವನ್ನು ನಾನು ಕೆಡಿಸಿದ್ದೆ.

ಮುಂದಿನ ಶನಿವಾರ ಮಧ್ಯಾಹ್ನ ನೋಡಿದರೆ, ವೀಣಾ ಮನೆ ಮುಂದಿನ ಡ್ರೈವ್‌ವೇಯಲ್ಲಿ ಹಳೇ ಚೂಡಿದಾರ್ ಹಾಕಿಕೊಂಡು, ಸೋಪಿನ ನೀರಿನಲ್ಲಿ ಟೈರು ಉಜ್ಜಿ ಒಣಗಿಸಿ, ನಾನು ತಂದ ಅದೇ ವಾಟರ್ ಬೇಸ್ಡ್ ಬಾಟಲಿ ಹಿಡಿದು ಕೂತಿದ್ದಾಳೆ. ಅಲ್ಲಿಗೆ ಕೊನೆಯ ಕೆಲಸವೂ ಹೋಯಿತು. ಕ್ಷಮೆ ಕೇಳಬೇಕೆಂದು ಹತ್ತಿರ ಹೋಗಿ ನಿಂತೆ.

"ಅಲ್ಲೇ ನಿಂತ್ಕೊಳ್ರೀ, ಅಲ್ಲಾಡ್ಬೇಡಿ" ಎಂದಳು ತಲೆಯೆತ್ತದೆ. "ಬಿಸಿಲಲ್ಲಿ ಹಚ್ಚಬಾರ್ದು, ನೆರಳಲ್ಲೇ ಹಚ್ಚಬೇಕು ಅಂತ ಬಾಟ್ಲಿ ಹಿಂದೆ ಬರೆದಿದೆ. ಗ್ಯಾರೇಜ್ ತುಂಬಾ ನಿಮ್ಮ ಹಳೇ ಸಾಮಾನು, ಕಾರಿಗೆ ಜಾಗ ಎಲ್ಲಿದೆ?"

ಕೆಳಗೆ ನೋಡಿದೆ. ಎಷ್ಟೋ ವರ್ಷಗಳಿಂದ ಕರಗಿಸಿ ಕರಗಿಸಿ ಎಂದು ಎಲ್ಲರೂ ಹೇಳುತ್ತಿದ್ದ ನನ್ನ ಹೊಟ್ಟೆಯ ನೆರಳು ಮುಂದಿನ ಟೈರನ್ನು ಅಂಚಿನಿಂದ ಅಂಚಿಗೆ ಮುಚ್ಚಿತ್ತು. ಅವಳು ತೆಳ್ಳಗೆ ಹಚ್ಚಿದಳು, ಕಾದಳು, ಒರೆಸಿದಳು. ಟೈರು ತಣ್ಣಗೆ, ಅಚ್ಚುಕಟ್ಟಾಗಿ ಹೊಳೆಯಿತು. ಎಲ್ಲೂ ಒಂದು ಚುಕ್ಕೆಯಿಲ್ಲ.

"ಸರಿ, ಈಗ ಹಿಂದಿನ ಟೈರಿಗೆ ಬನ್ನಿ" ಎಂದಳು.

ನಾನು ಉಸಿರು ಎಳೆದುಕೊಂಡು, ಹೊಟ್ಟೆಯನ್ನು ಇನ್ನಷ್ಟು ಮುಂದೆ ಮಾಡಿಕೊಂಡು ಹೋಗಿ ನಿಂತೆ.