ನಿನ್ನೆ ತುಂಬಿದ ಗಾಳಿ

ಆಯುಧ ಪೂಜೆಯ ಬೆಳಿಗ್ಗೆ ಚಿದಾನಂದ ತನ್ನ ಬೈಕಿನ ಹಿಂದಿನ ಚಕ್ರವನ್ನು ತೊಳೆಯದೆ ಬಿಟ್ಟಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಮುಂದಿನ ಚಕ್ರ ತೊಳೆದ, ಟ್ಯಾಂಕು ಉಜ್ಜಿದ, ಕನ್ನಡಿ ಒರೆಸಿ ಅದರಲ್ಲಿ ತನ್ನ ಮೀಸೆ ನೋಡಿಕೊಂಡ. ಹಿಂದಿನ ಚಕ್ರಕ್ಕೆ ಬಂದು ತಿಕ್ಕುವಾಗ ಬೆರಳಿಗೆ ಏನೋ ಚುಚ್ಚಿತು. ಬಗ್ಗಿ ನೋಡಿದರೆ ತಂತಿ. ರಬ್ಬರು ಸವೆದು ಸವೆದು ಟೈರಿನ ಹೊಟ್ಟೆಯೊಳಗಿನ ತಂತಿ ಹೊರಗೆ ಇಣುಕುತ್ತಿತ್ತು.

ಅವತ್ತು ಸಂಜೆ ನಾಲ್ಕಕ್ಕೆ ವಸಂತಪುರದಿಂದ ಅವರ ‘ಗಾಲಿ ಬಳಗ’ದ ಎಂಟು ಬೈಕುಗಳು ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಡುವುದಿತ್ತು. ಆ ಬಳಗದಲ್ಲಿ ಪ್ರತಿ ದಸರಾಕ್ಕೆ ಒಬ್ಬರು ಎಲ್ಲರಿಗಿಂತ ಮುಂದೆ ಓಡಿಸುವ ಪದ್ಧತಿ. ಏಳು ವರ್ಷ ಬೇರೆಯವರ ಧೂಳು ಕುಡಿದ ಮೇಲೆ ಈ ವರ್ಷ ಚಿದಾನಂದನ ಸರದಿ ಬಂದಿತ್ತು. ಇದು ತಪ್ಪಿದರೆ ಮತ್ತೆ ಎಂಟು ವರ್ಷ. ಸಹಕಾರ ಸೊಸೈಟಿಯ ಗುಮಾಸ್ತನಾಗಿ, ಮನೆಯಲ್ಲಿ ಉಮಾಮಹೇಶ್ವರಿಯ ಗಂಡನಾಗಿ, ಅವನು ಹುಟ್ಟಿದಾಗಿನಿಂದ ಯಾವುದರಲ್ಲೂ ಮುಂದೆ ನಿಂತವನಲ್ಲ. ಹಾಗಾಗಿ ಒಂದು ತಿಂಗಳಿಂದ ರಾತ್ರಿ ಮಲಗುವ ಮುನ್ನ ಎಡಗೈ ಎತ್ತಿ ಹಿಂದಿನವರಿಗೆ ಸನ್ನೆ ಮಾಡುವುದನ್ನು ಅಭ್ಯಾಸ ಮಾಡುತ್ತಿದ್ದ.

ಸಾಲ ಮಾಡಿ ಕೊಂಡಿದ್ದ ಅವನ ಸೆಕೆಂಡ್ ಹ್ಯಾಂಡ್ ಬೈಕು ಮುನ್ನೂರು ಕಿಲೋದ ಪರದೇಶದ ಪ್ರಾಣಿ. ಡೀಲರಿಗೆ ಫೋನು ಮಾಡಿದರೆ, “ಸಾರ್, ಆ ಸೈಜು ಹೊರಗಡೆಯಿಂದ ಬರ್ಬೇಕು. ಮೂರು ವಾರ. ಹ್ಯಾಪಿ ಆಯುಧ ಪೂಜೆ” ಎಂದು ಇಟ್ಟುಬಿಟ್ಟ.

ಚಿದಾನಂದ ಬಕೆಟ್ಟಿನ ಪಕ್ಕ ತಲೆಯ ಮೇಲೆ ಕೈಹೊತ್ತು ಕೂತಿದ್ದನ್ನು ಕೆಳಗಿನ ಮನೆಯ ಕಿಟಕಿಯಿಂದ ಚನ್ನಬಸವಯ್ಯನವರು ನೋಡಿದರು. ಅವರು ಮನೆಯ ಓನರು, ನಿವೃತ್ತ ಓವರ್‌ಸಿಯರ್. ಕುಮಾರಸ್ವಾಮಿ ಲೇಔಟಿನ ಆ ಅಡ್ಡರಸ್ತೆಯಲ್ಲಿ ಯಾರಿಗೆ ಕಷ್ಟ ಬಂದರೂ ಕಷ್ಟಕ್ಕಿಂತ ಮೊದಲು ಅವರು ಬಂದಿರುತ್ತಿದ್ದರು.

“ಎಷ್ಟು ಇಂಚ್ರೀ ಅದು?”

“ಹದಿನಾರು, ಸಾರ್.”

ಚನ್ನಬಸವಯ್ಯನವರ ಕಣ್ಣು ಅರಳಿತು. “ನಮ್ಮ ಹಳೇ ಕಾರೂ ಹದಿನಾರೇ! ಕಾರು ಮಾರಿದೆ, ಹೊಸ ಟೈರೊಂದು ಉಳ್ಕೊಂಡಿದೆ. ಕಾರ್ ಟೈರ್ ಹಾಕ್ಸಿಬಿಡಿ!”

“ಬೈಕಿಗಾ?”

“ಅಯ್ಯೋ, ಅಮೆರಿಕಾದಲ್ಲಿ ಇಂಥ ದೊಡ್ಡ ಗಾಡಿಗೆಲ್ಲಾ ಹಾಕ್ತಾರ್ರೀ. ಮೊಬೈಲಲ್ಲಿ ನೋಡಿದೀನಿ. ಅಷ್ಟು ಬೇಗ ಸವೆಯೋದೇ ಇಲ್ವಂತೆ. ಒಬ್ಬ ಮುದುಕ ಒಂದೇ ಟೈರಲ್ಲಿ ಇಡೀ ದೇಶ ಸುತ್ತಿದಾನೆ!”

ಹೇಳುವವನಿಗೆ ಬುದ್ಧಿ ಇಲ್ಲದಿದ್ದರೆ ಕೇಳುವವನಿಗಾದರೂ ಬೇಡವೇ ಎನ್ನುತ್ತಾರೆ. ಆದರೆ ಮುಳುಗುವವನು ಹುಲ್ಲುಕಡ್ಡಿಯ ಉದ್ದಗಲ ಕೇಳುವುದಿಲ್ಲ. ಹತ್ತು ನಿಮಿಷದಲ್ಲಿ ಚನ್ನಬಸವಯ್ಯನವರ ಮಂಚದ ಕೆಳಗಿನಿಂದ ಟೈರು ಹೊರಬಂತು. ಅಳತೆಯೂ ಹೆಚ್ಚುಕಡಿಮೆ ಸರಿಯಿತ್ತು. ಚಿದಾನಂದನಿಗೆ ಅಳು ಬರುವಷ್ಟು ಸಂತೋಷವಾಯಿತು.

ಟೈರನ್ನು ಉರುಳಿಸಿಕೊಂಡು ಮೂಲೆಯ ಹನುಮಯ್ಯನ ಗ್ಯಾರೇಜಿಗೆ ಓಡಿದ. ಹನುಮಯ್ಯ ಹೊಸ ಪಂಚೆ ಉಟ್ಟು ಕಡ್ಲೆಪುರಿ ಹಂಚುತ್ತಿದ್ದ. ಅವನ ಹಿಂದೆ ಬಾಳೆಕಂಬದ ನಡುವೆ ಸ್ಪ್ಯಾನರು, ಸುತ್ತಿಗೆ, ಟೈರು ಬಿಚ್ಚುವ ಸಲಾಕಿ, ಜಾಕು, ಎಲ್ಲವೂ ಕುಂಕುಮ ಇಟ್ಟುಕೊಂಡು ಚೆಂಡುಹೂವಿನ ಕೆಳಗೆ ಸಾಲಾಗಿ ಮಲಗಿದ್ದವು. ಗಾಳಿ ತುಂಬುವ ಕಂಪ್ರೆಸರಿಗಂತೂ ಮದುಮಗನಷ್ಟು ದೊಡ್ಡ ಹಾರ.

“ಹನುಮಯ್ಯ, ಅರ್ಜೆಂಟು. ಈ ಟೈರ್ ಹಾಕ್ಕೊಡು.”

ಹನುಮಯ್ಯ ಎರಡು ಹೆಜ್ಜೆ ಹಿಂದೆ ಸರಿದ. “ಸಾರ್, ಪೂಜೆಗೆ ಇಟ್ಟಾಯ್ತು. ನಾಳೆ ಬೆಳಿಗ್ಗೆವರೆಗೂ ಒಂದು ನಟ್ಟು ಮುಟ್ಟಂಗಿಲ್ಲ. ನಮ್ಮಪ್ಪನ ಕಾಲ್ದಿಂದ ಮುಟ್ಟಿಲ್ಲ. ಪುರಿ ತಗಳಿ.”

ಬೇಡಿದ, ಕಾಡಿದ, ಏಳು ವರ್ಷದ ಧೂಳಿನ ಕತೆ ಹೇಳಿದ. ಹನುಮಯ್ಯನ ಮನಸ್ಸು ಕರಗಿತು, ಆದರೆ ಕೈ ಕರಗಲಿಲ್ಲ. “ಒಂದ್ ಕೆಲ್ಸ ಮಾಡ್ತೀನಿ. ಬಂದು ನಿಂತ್ಕೊಂಡು ಹೇಳ್ಕೊಡ್ತೀನಿ. ನೀವೇ ಮಾಡಿ. ನನ್ ಟೂಲು ಕೇಳ್ಬೇಡಿ.”

ಹೀಗೆ ಬೆಂಗಳೂರಿನಲ್ಲಿ ಪೂಜೆಯಾಗದ ಉಪಕರಣಗಳ ಹುಡುಕಾಟ ಶುರುವಾಯಿತು. ಇದು ಮದುವೆ ಮನೆಯಲ್ಲಿ ಹಸಿದವನನ್ನು ಹುಡುಕಿದಷ್ಟೇ ಕಷ್ಟ. ಚಿದಾನಂದನ ಸ್ವಂತ ಟೂಲ್ ಕಿಟ್ಟಿಗೆ ಉಮಾಮಹೇಶ್ವರಿ ಬೆಳಗಿನ ಆರಕ್ಕೇ ಅರಿಶಿನ ಹಚ್ಚಿದ್ದಳು. ಈಳಿಗೆಮಣೆ, ಕತ್ತರಿ, ಹೊಲಿಗೆ ಯಂತ್ರ, ಲ್ಯಾಪ್‌ಟಾಪು, ಟಿವಿ ರಿಮೋಟು, ಯಾವುದನ್ನೂ ಬಿಟ್ಟಿರಲಿಲ್ಲ.

“ಮಿಕ್ಸಿಗೂ ಆಗಿದೆ. ಇವತ್ತು ಚಟ್ನಿ ಇಲ್ಲ,” ಎಂದಳು.

“ನಂಗೆ ಚಟ್ನಿ ಬೇಡ ಮಾರಾಯ್ತಿ, ಸ್ಪ್ಯಾನರ್ ಬೇಕು!”

“ಹಬ್ಬದ ದಿನ ಮನೇಲಿರಿ ಅಂತ ದೇವರೇ ಹೇಳ್ತಿದಾನೆ. ನಿಮಗೇ ಕೇಳಿಸ್ತಿಲ್ಲ.”

ಕೊನೆಗೆ ಚನ್ನಬಸವಯ್ಯನವರೇ ಉದ್ಧಾರಕ್ಕೆ ಬಂದರು. ಅವರ ಬಳಿ ನಲ್ಲಿ ರಿಪೇರಿಯ ಒಂದು ಪೈಪ್ ರೆಂಚ್ ಇತ್ತು. ತುಕ್ಕು ಹಿಡಿದದ್ದಕ್ಕೆ ಪೂಜೆ ಯಾಕೆಂದು ಅದನ್ನು ಬಿಟ್ಟಿದ್ದರು. ಮೇಲಿನ ಬಾಡಿಗೆ ರೂಮಿನಿಂದ ಬಸವಂತ ಇಳಿದುಬಂದ. ವಿಜಯಪುರದ ಕಡೆಯವನು, ಕೊರಿಯರ್ ಆಫೀಸಿನಲ್ಲಿ ಕೆಲಸ, ಆಳು ಬಾಗಿಲಿನಷ್ಟು ಅಗಲ.

“ಯಾಕ್ ಚಿಂತಿ ಮಾಡ್ತೀರಿ ಸರ? ನಾ ಅದೀನಲ್ರೀ,” ಎಂದವನೇ ಬೈಕಿನ ಹಿಂಭಾಗವನ್ನು ಹಾಗೇ ಎತ್ತಿದ. ಚಿದಾನಂದ ಕೆಳಗೆ ಸಿಮೆಂಟ್ ಇಟ್ಟಿಗೆ ಜೋಡಿಸಿದ.

ಹನುಮಯ್ಯ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. “ಎಡಕ್ಕೆ ತಿರುಗ್ಸಿ. ಎಡಕ್ಕೆ! ಅದು ನಿಮ್ ಬಲ ಸಾರ್! ಅಯ್ಯೋ, ನನ್ ಕೈ ತುರಿಸ್ತಿದೆ.”

ಪೈಪ್ ರೆಂಚು ಮೂರು ಸಲ ಜಾರಿ ಮೂರು ಸಲವೂ ಚಿದಾನಂದನ ಒಂದೇ ಗೆಣ್ಣಿಗೆ ಬಡಿಯಿತು. ಚಕ್ರ ಕಳಚುವ ಹೊತ್ತಿಗೆ ಹನ್ನೊಂದೂವರೆ. ಹಳೆಯ ಟೈರಿನ ಅಂಚು ರಿಮ್ಮಿಗೆ ಕಚ್ಚಿಕೊಂಡಿತ್ತು. ಬಸವಂತ ಅದರ ಮೇಲೆ ಹತ್ತಿ ಕುಣಿದ. ಎದುರು ಮನೆಯವರು ಪೂಜೆಯ ಭಾಗವೆಂದು ತಿಳಿದು ಕೈಮುಗಿದರು.

ಹೊಸ ಟೈರು ತೂರಿಸಲು ಸಲಾಕಿ ಬೇಕು. ಉಮಾಮಹೇಶ್ವರಿ ಒಳಗೆ ದೋಸೆ ಹುಯ್ಯುತ್ತಿದ್ದಾಗ ಚಿದಾನಂದ ಎರಡು ಕಬ್ಬಿಣದ ಮಗುಚುವ ಕೈಗಳನ್ನು ಕದ್ದು ತಂದ. ಒಂದು ಕೂಡಲೇ ಡೊಂಕಾಯಿತು. ಇನ್ನೊಂದು ಹಾರಿಹೋಗಿ ಚನ್ನಬಸವಯ್ಯನವರ ತುಳಸಿಕಟ್ಟೆಯಲ್ಲಿ ನೆಟ್ಟುಕೊಂಡಿತು. ರಿಮ್ಮಿಗೆ ಪಾತ್ರೆ ತೊಳೆಯುವ ಸೋಪು ಸುರಿದರು. ಆಮೇಲೆ ಬಸವಂತ ಕೂತ, ಚಿದಾನಂದ ನಿಂತ, ಚನ್ನಬಸವಯ್ಯನವರು “ಐಸಾ” ಎಂದರು. ಎರಡು ಗಂಟೆಗೆ ಟೈರು ರಿಮ್ಮಿನೊಳಗೆ ಹೋಯಿತು. ನಾಲ್ವರೂ ಸೋಪಿನ ನೊರೆಯಲ್ಲಿ ತಬ್ಬಿಕೊಂಡರು.

“ಖುಷಿ ಪಡ್ಬೇಡಿ,” ಎಂದ ಹನುಮಯ್ಯ. “ಬರೀ ಒಳಗೆ ಹೋಗಿದೆ. ಅಂಚು ಕೂರ್ಬೇಕು ಅಂದ್ರೆ ಒಂದೇ ಸಲಕ್ಕೆ ಭರ್ರಂತ ಗಾಳಿ ಹೊಡೀಬೇಕು. ಸೈಕಲ್ ಪಂಪಲ್ಲಿ ಆಗಲ್ಲ. ಕಂಪ್ರೆಸರೇ ಬೇಕು.”

ಕಂಪ್ರೆಸರ್ ಗ್ಯಾರೇಜಿನಲ್ಲಿ ಹಾರ ಹಾಕಿಕೊಂಡು ಕೂತಿತ್ತು. ಚಿದಾನಂದನ ಕಣ್ಣೆದುರು ಮುಂದಿನ ಎಂಟು ವರ್ಷ ಒಂದೊಂದಾಗಿ ಹಾದುಹೋಯಿತು. ಮೆಟ್ಟಿಲ ಮೇಲೆ ಕುಸಿದು ಕೂತ. ಆಗ ಚನ್ನಬಸವಯ್ಯನವರು ಗಂಟಲು ಸರಿಮಾಡಿಕೊಂಡರು.

“ಹನುಮಯ್ಯ, ಕಂಪ್ರೆಸರ್ ಒಳಗೆ ಈಗ ಗಾಳಿ ಇದೆಯೋ ಇಲ್ವೋ?”

“ಇದೆ ಬುದ್ಧಿ. ನಿನ್ನೆ ಸಂಜೆ ತುಂಬಿದ್ದು.”

“ನಿನ್ನೆ ತುಂಬಿದ್ದು ನಿನ್ನೆ ಕೆಲಸ. ಇವತ್ತು ನೀನು ಸ್ವಿಚ್ ಹಾಕ್ಬೇಡ, ಮೆಷಿನ್ ಓಡಿಸ್ಬೇಡ. ಪೂಜೆ ಆದಮೇಲೆ ದೇವರ ಮುಂದೆ ಇಟ್ಟಿದ್ದು ಏನಾಗುತ್ತೆ?”

“ಪ್ರಸಾದ ಆಗುತ್ತೆ.”

“ಪ್ರಸಾದ ಹಂಚ್ಬೇಕೋ, ಬಚ್ಚಿಡ್ಬೇಕೋ?”

ಹನುಮಯ್ಯ ತಲೆ ಕೆರೆದುಕೊಂಡ. ಅವನಪ್ಪನ ಕಾಲದಲ್ಲಿ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೊನೆಗೆ ಎಲ್ಲರಿಂದ ಚಕ್ರವನ್ನು ಗ್ಯಾರೇಜಿಗೆ ಉರುಳಿಸಿ ತರಿಸಿ, ಕಂಪ್ರೆಸರಿಗೆ ಮಂಗಳಾರತಿ ಎತ್ತಿ, ಕೆನ್ನೆ ತಟ್ಟಿಕೊಂಡು, ಕಣ್ಣು ಮುಚ್ಚಿ ವಾಲ್ವು ತೆರೆದ. ಢಂ! ಢಂ! ಎರಡೂ ಕಡೆಯ ಅಂಚು ರಿಮ್ಮಿಗೆ ಕೂತ ಸದ್ದಿಗೆ ಪುರಿಯ ತಟ್ಟೆ ಮೇಲೆದ್ದು ಮಗುಚಿ, ಎಲ್ಲರ ತಲೆಯ ಮೇಲೂ ಪುರಿ ಸುರಿಯಿತು. ಬಸವಂತ ಸಿಳ್ಳೆ ಹೊಡೆದ.

ಮೂರೂವರೆಗೆ ಬೈಕು ಸಿದ್ಧವಾಯಿತು. ಉಮಾಮಹೇಶ್ವರಿ ಡೊಂಕಾದ ಮಗುಚುವ ಕೈಯನ್ನು ಒಂದು ಸಲ ನೋಡಿ, ಗಂಡನ ಮುಖವನ್ನು ಒಂದು ಸಲ ನೋಡಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಅವನ ಮುಖದಲ್ಲಿ ಅಂಥ ಬೆಳಕನ್ನು ಅವಳು ಮದುವೆಯ ದಿನವೂ ನೋಡಿರಲಿಲ್ಲ. “ಹುಷಾರು. ಫೋನ್ ಮಾಡಿ,” ಎಂದಳು.

ಹೊರಟ ಮೇಲೆಯೇ ಚಿದಾನಂದನಿಗೆ ಕಾರಿನ ಟೈರಿನ ಸ್ವಭಾವ ತಿಳಿದದ್ದು. ಬೈಕಿನ ಟೈರು ದುಂಡಗೆ, ವಾಲಿಸಿದ ಕಡೆ ವಾಲುತ್ತದೆ. ಇದು ಚಪ್ಪಟೆ. ನೆಟ್ಟಗೆ ಹೋಗುವುದೆಂದರೆ ಇದಕ್ಕೆ ಪ್ರಾಣ, ತಿರುಗುವುದೆಂದರೆ ಮುನಿಸು. ಮೊದಲ ತಿರುವಿನಲ್ಲಿ ಬಲಕ್ಕೆ ವಾಲಿಸಿದರೂ ಬೈಕು ನೇರವಾಗಿ ಹೋಗಿ ಒಬ್ಬರ ಗೇಟಿನ ರಂಗೋಲಿಯ ಮೇಲೆ ನಿಂತಿತು. ಉತ್ತರಹಳ್ಳಿಯ ಕಡೆ ತಿರುಗಬೇಕಾದಲ್ಲಿ ತಿರುಗದೆ, ಒಡೆದ ಬೂದುಗುಂಬಳಕಾಯಿಯ ನಡುವೆ ಅರ್ಧ ಕಿಲೋಮೀಟರು ಮುಂದಕ್ಕೆ ಹೋಗಿ, ಮೈದಾನವೊಂದನ್ನು ಸುತ್ತಿ ವಾಪಸು ಬಂದ. ಬರುಬರುತ್ತಾ ಮೊಣಕೈಯಿಂದ ಅಮುಕಿ ತಿರುಗಿಸುವುದು ರೂಢಿಯಾಯಿತು. ಆಮೇಲೆ ಸುಖವೋ ಸುಖ. ಹಳ್ಳಕೊಳ್ಳ ಒಂದೂ ತಿಳಿಯುತ್ತಿರಲಿಲ್ಲ. ಹೆಲ್ಮೆಟ್ಟಿನೊಳಗೆ ಚಿದಾನಂದ ಜೋರಾಗಿ ಹಾಡಿಕೊಂಡ.

ನಾಲ್ಕು ಗಂಟೆ ಐದು ನಿಮಿಷಕ್ಕೆ ವಸಂತಪುರದ ಟೀ ಅಂಗಡಿಯ ಮುಂದೆ ಬಂದು ನಿಂತ. ಏಳು ಬೈಕುಗಳು ನಿಂತಿದ್ದವು. ಯಾಕೋ ಎಲ್ಲರ ಮುಖವೂ ಬಾಡಿತ್ತು. ತಾನು ತಡವಾಗಿ ಬಂದದ್ದಕ್ಕೇ ಎಂದುಕೊಂಡು ಅವನಿಗೆ ನಾಚಿಕೆಯಾಯಿತು.

ಬಳಗದ ಕ್ಯಾಪ್ಟನ್ ವಿಜಯಲಕ್ಷ್ಮಿ ಹೈಸ್ಕೂಲಿನ ಪಿ.ಟಿ. ಟೀಚರು. ಹೊರಡುವ ಮುನ್ನ ಪ್ರತಿ ಬೈಕಿನ ಟೈರನ್ನೂ ತಾವೇ ನೋಡದೆ ಬಿಡುವವರಲ್ಲ. ಅವರ ಕಣ್ಣು ಸೀದಾ ಹಿಂದಿನ ಚಕ್ರಕ್ಕೆ ಹೋಯಿತು.

“ಚಿದಾನಂದ್, ಏನ್ರೀ ಇದು?”

“ಕಾರ್ ಟೈರು, ಮೇಡಂ.”

ವಿಜಯಲಕ್ಷ್ಮಿ ಮಂಡಿಯೂರಿ ಕೂತರು. ಟೈರನ್ನು ತಟ್ಟಿದರು. ಉಗುರಿನಿಂದ ಕೆರೆದರು. ಉಳಿದ ಆರೂ ಜನ ಸುತ್ತ ಬಂದು ನಿಂತರು.

“ಹೊಸದಾ?”

“ಹೊಚ್ಚಹೊಸದು, ಮೇಡಂ. ಇವತ್ತೇ ಹಾಕಿದ್ದು. ನಾನೇ ನನ್ನ ಕೈಯಾರೆ.”

“ಸೈಜ್ ಎಷ್ಟು?”

“ಹದಿನಾರು.”

“ಪೂರ್ತಿ ಸೈಜ್ ಹೇಳ್ರೀ, ಕರೆಕ್ಟಾಗಿ.”

“ಇನ್ನೂರೈದು, ಐವತ್ತೈದು, ಹದಿನಾರು,” ಎಂದು ಚಿದಾನಂದ ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದ. ಉತ್ಸಾಹ ತಡೆಯದೆ ಮುಂದುವರಿಸಿದ. “ಸಖತ್ ಗಟ್ಟಿ, ಮೇಡಂ. ಎಷ್ಟು ಭಾರ ಬೇಕಾದ್ರೂ ಹೊರುತ್ತೆ. ಬೆಟ್ಟ ಹತ್ತಿ ಇಳಿದ್ರೂ ಏನೂ ಆಗಲ್ಲ!”

ವಿಜಯಲಕ್ಷ್ಮಿ ದಿಗ್ಗನೆದ್ದರು. ಅವನ ಎರಡೂ ಕೈ ಹಿಡಿದು ಕುಲುಕಿದರು. ಆಮೇಲೆ ಟೀ ಅಂಗಡಿಯ ಹಿಂದಕ್ಕೆ ತಿರುಗಿ ಕೂಗಿದರು.

“ರವೀ, ಸಿಕ್ತು ಕಣ್ರೀ! ಅದೇ ಸೈಜು!”

ಅಂಗಡಿಯ ಹಿಂದೆ ಒಂದು ಕಾರು ಜಾಕಿನ ಮೇಲೆ ನಿಂತಿತ್ತು. ಎಂಟು ಜನರ ಡೇರೆ, ಹಾಸಿಗೆ, ಔಷಧಿಯ ಪೆಟ್ಟಿಗೆ ತುಂಬಿಕೊಂಡು ಬೈಕುಗಳ ಹಿಂದೆ ಬರಬೇಕಾದ ಕಾರು ಅದು. ಅದನ್ನು ಓಡಿಸುವವರು ವಿಜಯಲಕ್ಷ್ಮಿಯವರ ಗಂಡ ರವಿಕುಮಾರ. ಮೈಯೆಲ್ಲ ಮಣ್ಣಾಗಿ ಅವರು ಎದ್ದುಬಂದರು.

“ಪೆಂಡಾಲ್ ಗೂಟ ಸಾರ್, ಹಿಂದಿನ ಟೈರು ಸೀಳಿ ಎರಡಾಗಿದೆ,” ಎಂದರು. “ಸ್ಟೆಪ್ನಿ ಪಂಕ್ಚರ್ ಅಂಗಡೀಲಿದೆ. ಅವನು ಪೂಜೆ ಮಾಡಿ ಬಾಗ್ಲು ಹಾಕ್ಕೊಂಡು ಊರಿಗೆ ಹೋಗಿದಾನೆ. ಎರಡು ಗಂಟೆಯಿಂದ ಸುತ್ತಿದೀನಿ, ಒಂದು ಟೈರ್ ಅಂಗಡಿನೂ ತೆಗ್ದಿಲ್ಲ. ನೀವು ದೇವರ ಥರ ಬಂದ್ರಿ!”

“ಆದ್ರೆ ಮೇಡಂ, ಇವತ್ತು ನಾನು ಮುಂದೆ...”

“ಬ್ಯಾಕಪ್ ಕಾರಿಲ್ದೆ ರೈಡ್ ಇಲ್ಲ, ನಿಮಗೇ ಗೊತ್ತಲ್ಲ. ರೈಡ್ ಕ್ಯಾನ್ಸಲ್ ಅಂತ ಈಗಷ್ಟೇ ಹೇಳ್ತಿದ್ದೆ.” ವಿಜಯಲಕ್ಷ್ಮಿಯವರ ಕಣ್ಣಲ್ಲಿ ನೀರಿತ್ತು. “ನಿಮ್ಮೊಬ್ಬರಿಂದ ಏಳು ಜನದ ಹಬ್ಬ ಉಳೀತು, ಚಿದಾನಂದ್.”

ಏಳು ಜನವೂ ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ನಡುವೆ ‘ಕೊಡುವುದಿಲ್ಲ’ ಎನ್ನುವ ಗಂಡಸು ಇನ್ನೂ ಹುಟ್ಟಿಲ್ಲ. ಕೊಡಲಂತೂ ಒಪ್ಪಿದ, ಬಿಚ್ಚುವವರು ಯಾರು? ಬಳಗದವರ ಬಳಿ ಸಲಾಕಿಯಿತ್ತು, ಕರೆಂಟಿನ ಪಂಪಿತ್ತು, ಬಿಚ್ಚಲು ಯಾರಿಗೂ ಬರುತ್ತಿರಲಿಲ್ಲ. ಆ ವಿದ್ಯೆ ಇಡೀ ವಸಂತಪುರದಲ್ಲಿ ಅವತ್ತು ಕಲಿತಿದ್ದವನು ಒಬ್ಬನೇ. ನಾಲ್ಕು ಗಂಟೆ ಒದ್ದಾಡಿ ಹಾಕಿದ್ದನ್ನು ಚಿದಾನಂದ ಮುಕ್ಕಾಲು ಗಂಟೆಯಲ್ಲಿ ಬಿಚ್ಚಿದ, ಕಾರಿನ ರಿಮ್ಮಿಗೆ ಹಾಕಿದ. ಅಲ್ಲಿ ಅದು ತವರಿಗೆ ಬಂದ ಮಗಳಂತೆ ಸಲೀಸಾಗಿ ಕೂತುಕೊಂಡಿತು. ಟೈರಿಲ್ಲದ ಬೈಕನ್ನು ಟೀ ಅಂಗಡಿಯ ಹಿಂದೆ ನಿಲ್ಲಿಸಿದರು. ಮುಂದೆ ಓಡಿಸುವ ಸರದಿಯನ್ನು ಹೋದ ತಿಂಗಳಷ್ಟೇ ಬಳಗಕ್ಕೆ ಸೇರಿದ ನಚಿಕೇತನಿಗೆ ಕೊಟ್ಟರು. “ನಿಮ್ದು ಮುಂದಿನ ಸುತ್ತಿಗೆ ಪಕ್ಕಾ,” ಎಂದರು ಕ್ಯಾಪ್ಟನ್.

ಕನಕಪುರ ದಾಟುವ ಹೊತ್ತಿಗೆ ಸಂಜೆ ಕವಿಯುತ್ತಿತ್ತು. ಚಿದಾನಂದನ ಫೋನು ಬಡಿದುಕೊಂಡಿತು. ತೊಡೆಯ ಮೇಲಿದ್ದ ಡೇರೆಯನ್ನು ಒಂದು ಪಕ್ಕಕ್ಕೆ ಸರಿಸಿ, ಕತ್ತಿಗೆ ಒತ್ತುತ್ತಿದ್ದ ಹಾಸಿಗೆಯ ಸುರುಳಿಯನ್ನು ಇನ್ನೊಂದು ಪಕ್ಕಕ್ಕೆ ತಳ್ಳಿ, ಹೇಗೋ ಕಿವಿಗೆ ಹಿಡಿದ.

“ಸ್ಪೀಕರಲ್ಲಿ ಹಾಕಿದೀನಿ ರೀ,” ಎಂದಳು ಉಮಾಮಹೇಶ್ವರಿ. “ಓನರು, ಬಸವಂತ, ಹನುಮಯ್ಯ ಎಲ್ಲಾ ಇಲ್ಲೇ ಇದಾರೆ. ನಿಮ್ದೇ ಮಾತು.”

“ಮುಂದ್ ಅದೀರೇನ್ ಸರ?” ಬಸವಂತ ಕೂಗಿದ.

ಚಿದಾನಂದ ಗಾಜಿನಾಚೆ ನೋಡಿದ. ಬಹು ದೂರದಲ್ಲಿ ಏಳು ಕೆಂಪು ದೀಪಗಳು ತಿರುವಿನಲ್ಲಿ ಮರೆಯಾಗುತ್ತಿದ್ದವು. ನಿಜ ಹೇಳಲು ಬಾಯಿ ತೆರೆದ. ಆದರೆ ಆ ಮೂವರ ಸೋಪು ಮೆತ್ತಿದ ಮುಖಗಳು ನೆನಪಾದವು.

“ಎಲ್ಲರೂ ಕಾಣ್ತಾ ಇದಾರೆ ಬಸವಂತ,” ಎಂದ.

“ಟೈರ್ ಹೆಂಗಿದೆ ಅದನ್ನ ಹೇಳ್ರೀ ಮೊದ್ಲು!” ಚನ್ನಬಸವಯ್ಯನವರು ಫೋನಿಗೇ ಬಾಯಿ ಹಚ್ಚಿ ಕೂಗಿದರು. “ಕುಲುಕಾಟ ಏನಾದ್ರೂ?”

“ಒಂಚೂರೂ ಇಲ್ಲ ಸಾರ್,” ಎಂದ ಚಿದಾನಂದ. ಅವನು ಹುಟ್ಟಿದಾಗಿನಿಂದ ಸುಳ್ಳು ಹೇಳಿದವನಲ್ಲ. “ಥೇಟ್ ಕಾರಲ್ಲಿ ಕೂತಂಗೇ ಇದೆ.”